ಯಂತ್ರವು ಒಪ್ಪಿದುದೆಲ್ಲವೂ ನ್ಯಾಯವೇ?

ಗೆಲ್ಲಬೇಕೆಂಬ ಹಟವಿಲ್ಲದವನು ಆಟಗಾರನಲ್ಲ; ಗೆಲ್ಲುವುದೊಂದೇ ಆಟವೆಂದು ತಿಳಿದವನೂ ಆಟಗಾರನಲ್ಲ. ಈ ಎರಡರ ನಡುವಣ ಕಿರುದಾರಿಯಲ್ಲಿಯೇ ಸಕಲ ಕ್ರೀಡಾನಿಯಮಗಳೂ ಹುಟ್ಟಿವೆ. ಒಂದು ಪಟ್ಟು ಅತಿಬಲವುಳ್ಳದ್ದಾಗಿ, ಅದಕ್ಕೆ ಸಿಕ್ಕಿದವನಿಗೆ ಬಿಡುಗಡೆಯ ಮಾರ್ಗವೇ ಇಲ್ಲದಿದ್ದರೆ, ಅದನ್ನು ಸ್ಪರ್ಧೆಯಿಂದ ಹೊರಗಿಡಬೇಕೋ ಕೂಡದೋ ಎಂಬ ಪ್ರಶ್ನೆಯು ಗರಡಿಯ ಮಣ್ಣಿನಷ್ಟೇ ಹಳೆಯದು. ಈಗ ಅದು ವಿಡಿಯೋ ಆಟಗಳಲ್ಲಿ ಮತ್ತೆ ತಲೆಯೆತ್ತಿದೆ. ಈ ಆಟಗಳನ್ನು ಹುಡುಗರ ಕಾಲಹರಣವೆಂದು ಹಿರಿಯರು ತಳ್ಳಿಬಿಡುವುದುಂಟು. ಆದರೆ ಇವುಗಳ ಸ್ಪರ್ಧೆಗಳನ್ನು ನೋಡಲು ಇಂದು ಸಹಸ್ರಾರು ಜನ ನೆರೆಯುತ್ತಾರೆ; ನ್ಯಾಯಾನ್ಯಾಯಗಳನ್ನು ಕುರಿತು ತರುಣರು ಅಲ್ಲಿ ಹೂಡುವ ವಾದವು ಮನೆಯ ಹಿರಿಯರು ಕೇಳಿ ತೂಗಿ ನೋಡತಕ್ಕಂಥದೇ ಆಗಿದೆ.

ವಾದಕ್ಕೆ ಉದಾಹರಣೆಯೊಂದು ಬೇಕಷ್ಟೆ. ಜಪಾನಿನ ನಿಂಟೆಂಡೋ ಸಂಸ್ಥೆಯು 2001ರಲ್ಲಿ ‘ಸೂಪರ್ ಸ್ಮ್ಯಾಶ್ ಬ್ರದರ್ಸ್ ಮೆಲೀ’ ಎಂಬ ಕಾಳಗದ ಆಟವೊಂದನ್ನು ಹೊರತಂದಿತು. ಅದರಲ್ಲಿ ಪೆಟ್ಟು ತಿಂದಷ್ಟೂ ಯೋಧನ ಗಾಯದ ಅಂಕವು ಏರುವುದು. ಅಂಕವು ಏರಿದಷ್ಟೂ ಮುಂದಿನ ಹೊಡೆತಕ್ಕೆ ಅವನು ಹೆಚ್ಚು ದೂರ ಹಾರುವನು. ರಂಗದ ಎಲ್ಲೆಯಾಚೆಗೆ ಹೋದರೆ ಒಂದು ಪ್ರಾಣ ಕಳೆಯಿತು. ಸ್ಪರ್ಧೆಯ ರೂಢಿಯಲ್ಲಿ ಒಬ್ಬೊಬ್ಬನಿಗೆ ನಾಲ್ಕು ಪ್ರಾಣಗಳು, ಎಂಟು ನಿಮಿಷಗಳ ಅವಧಿ. ಯೋಧರ ಪೈಕಿ ‘ಐಸ್ ಕ್ಲೈಂಬರ್ಸ್’ ಎಂಬುದು ಒಂದು ಜೋಡಿ. ಪೋಪೋ, ನಾನಾ ಎಂಬ ಈ ಇಬ್ಬರನ್ನೂ ಒಬ್ಬನೇ ಆಟಗಾರನು ನಡೆಸುವನು. ಆಟದಲ್ಲಿ ಹಿಡಿತವೆಂಬ ಪಟ್ಟು ಎಲ್ಲರಿಗೂ ಉಂಟು. ಹಿಡಿಯಲ್ಪಟ್ಟವನು ಗುಂಡಿಗಳನ್ನು ಬಿರುಸಿನಿಂದ ಒತ್ತಿ ಬಿಡಿಸಿಕೊಳ್ಳುವುದೂ ಉಂಟು. ಆದರೆ ಈ ಜೋಡಿಯಲ್ಲಿ ಒಬ್ಬರು ಹಿಡಿದು ತಲೆಯಿಂದ ಗುದ್ದುತ್ತಿರಲು, ಇನ್ನೊಬ್ಬರು ತಾಳ ತಪ್ಪದೆ ಸುತ್ತಿಗೆಯಿಂದ ಬಡಿಯುತ್ತಿದ್ದರೆ, ಒಂದು ಪೆಟ್ಟಿನ ಆಘಾತವು ತೀರುವ ಮೊದಲೇ ಇನ್ನೊಂದು ಪೆಟ್ಟು ಬೀಳುವುದು. ಹಿಡಿತವು ಸಡಿಲುವುದೇ ಇಲ್ಲ. ಅಂಕವು ಬೇಕಾದಷ್ಟು ಏರಿದ ಮೇಲೆ ಒಂದೇ ಹೊಡೆತದಿಂದ ಪ್ರಾಣವನ್ನು ಕಳೆಯಬಹುದು. ಇದನ್ನು ಪ್ರಸಿದ್ಧಗೊಳಿಸಿದ ‘ವಾಬಲ್ಸ್’ ಎಂಬ ಕ್ರೀಡಾನಾಮದ ಅಮೆರಿಕದ ಆಟಗಾರನಿಂದ ಈ ಪಟ್ಟಿಗೆ ‘ವಾಬ್ಲಿಂಗ್’ ಎಂಬ ಹೆಸರು ಬಂದಿತು.

ಇದರ ಚರಿತ್ರೆಯು ತೂಗುಯ್ಯಾಲೆಯಂತಿದೆ. ಮೊದಮೊದಲು ಎಷ್ಟೋ ಸ್ಪರ್ಧೆಗಳಲ್ಲಿ ಇದು ನಿಷಿದ್ಧವಾಗಿತ್ತು. 2013ರಲ್ಲಿ ಲಾಸ್ ವೇಗಸ್ ನಗರದಲ್ಲಿ ನಡೆದ ‘ಇವೋ’ ಮಹಾಸ್ಪರ್ಧೆಯಲ್ಲಿ ಇದಕ್ಕೆ ಅನುಮತಿ ದೊರೆಯಿತು. ವಾಬಲ್ಸನೇ ಅಂದು ದ್ವಿತೀಯ ಸ್ಥಾನವನ್ನು ಪಡೆದನು. 2019ರಿಂದೀಚೆಗೆ ಅನೇಕ ದೊಡ್ಡ ಸ್ಪರ್ಧೆಗಳ ವ್ಯವಸ್ಥಾಪಕರು ಮರಳಿ ನಿಷೇಧವನ್ನು ವಿಧಿಸಿದರು. ಇಷ್ಟು ವರ್ಷಗಳ ಕಾಲ ಒಂದೇ ಪ್ರಶ್ನೆಯು ಹೀಗೆ ಅತ್ತಿತ್ತ ತೂಗಿದುದಕ್ಕೆ ಕಾರಣವು ಪಟ್ಟಿನಲ್ಲಿಲ್ಲ. ನಿಷೇಧಕ್ಕೆ ತಕ್ಕ ಕಾರಣವಾವುದು ಎಂಬುದನ್ನು ಉಭಯ ಪಕ್ಷದವರೂ ಸರಿಯಾಗಿ ನಿರ್ಣಯಿಸದಿರುವುದರಲ್ಲಿದೆ.

ಪೂರ್ವಪಕ್ಷವು ಹೀಗಿದೆ. ಒಂದನೆಯದಾಗಿ, ಯಂತ್ರವು ಯಾವುದನ್ನು ಮಾಡಗೊಡುವುದೋ ಅದು ಆಟದ ಅಂಗವೇ. ಆಟವನ್ನು ರಚಿಸಿದವನು ಹಾಕದ ಬೇಲಿಯನ್ನು ಆಡುವವರು ಹಾಕಕೂಡದು. ಎರಡನೆಯದಾಗಿ, ಈ ಪಟ್ಟಿಗೆ ಪರಿಹಾರವುಂಟು: ಜೋಡಿಯನ್ನು ಅಗಲಿಸಿದರೆ, ಅಥವಾ ಜತೆಗಾರ್ತಿಯನ್ನು ಮೊದಲೇ ಕೆಡವಿದರೆ, ಪಟ್ಟು ನಡೆಯದು, ಹಿಡಿತಕ್ಕೆ ಸಿಕ್ಕಿದುದು ಸಿಕ್ಕಿದವನ ತಪ್ಪು. ಮೂರನೆಯದಾಗಿ, ಈ ಜೋಡಿಯನ್ನು ನೆಚ್ಚಿದವರೇ ಎಲ್ಲ ಕಿರೀಟಗಳನ್ನೂ ಕೊಂಡೊಯ್ದಿಲ್ಲ. ಆಟವನ್ನು ಆಳದ ಪಟ್ಟನ್ನು ಅತಿಬಲವೆನ್ನುವುದು ಹೇಗೆ? ಈ ವಾದಗಳು ಸುಲಭವಾಗಿ ತಳ್ಳಿಹಾಕತಕ್ಕವಲ್ಲ. ಎರಡನೆಯದು ಮೂರನೆಯದು ವಾಸ್ತವವಾಗಿ ಸತ್ಯವೂ ಆಗಿವೆ.

ಮೊದಲನೆಯದು ಮಾತ್ರ ನಿಲ್ಲಲಾರದು. ಯಂತ್ರವು ಒಪ್ಪಿದುದೆಲ್ಲವೂ ಗ್ರಾಹ್ಯವೆನ್ನುವವರೇ, ರಂಗದ ಮೇಲೆ ಆಕಸ್ಮಿಕವಾಗಿ ಉದುರುವ ಬಾಂಬು ಮುಂತಾದ ವಸ್ತುಗಳನ್ನು ಸ್ಪರ್ಧೆಗೆ ಮುನ್ನ ನಿಲ್ಲಿಸಿಬಿಡುವರು. ಓಡುತ್ತ ಸುತ್ತುಬಳಸಿ ಕಾಲ ಕಳೆಯಲು ಎಡೆಗೊಡುವ ವಿಶಾಲ ರಂಗಗಳನ್ನು ಪಟ್ಟಿಯಿಂದ ತೆಗೆದಿರುವರು. ಇದೇ ಜೋಡಿಯಿಂದ ಎದುರಾಳಿಯನ್ನು ಕಲ್ಲಿನಂತೆ ಸ್ತಂಭಿಸಿ ನಿಲ್ಲಿಸುವ ಇನ್ನೊಂದು ಯಂತ್ರದೋಷವುಂಟು. ಸ್ಪರ್ಧೆಗಳಲ್ಲಿ ಅದು ನಿಷಿದ್ಧ. ಯಂತ್ರವು ಇವೆಲ್ಲವನ್ನೂ ಒಪ್ಪಿತ್ತು, ಸಮಾಜವು ಒಪ್ಪಲಿಲ್ಲ. ಭೀಮನ ಗದೆಗೆ ತೊಡೆಯನ್ನು ಮುರಿಯುವ ಶಕ್ತಿಯಿದ್ದಿತೆಂಬ ಕಾರಣದಿಂದ, ನಾಭಿಯ ಕೆಳಗೆ ಹೊಡೆಯಕೂಡದೆಂಬ ನಿಯಮವು ವ್ಯರ್ಥವೆಂದು ಬಲರಾಮನಿಗೆ ಯಾರೂ ಹೇಳಲಿಲ್ಲ. ಶಕ್ಯವಾದುದು ಬೇರೆ, ವಿಹಿತವಾದುದು ಬೇರೆ. ಇಂದಿನ ಹಲವು ಆಟಗಳನ್ನು ರಚಿಸಿದವರು ಅಂತರ್ಜಾಲದ ಮೂಲಕ ಮೇಲಿಂದ ಮೇಲೆ ತಿದ್ದುವರು. ಮನೆಮನೆಗಳಿಗೆ ತಟ್ಟೆಯ ರೂಪದಲ್ಲಿ ಹೋದ ಈ ಹಳೆಯ ಆಟಕ್ಕೆ ಆ ಸೌಕರ್ಯವಿರಲಿಲ್ಲ. ಶಾಸ್ತ್ರಕಾರನು ಮೌನವಾಗಿರುವಲ್ಲಿ ಶಿಷ್ಟಾಚಾರವೇ ಪ್ರಮಾಣವಾಗಬೇಕಲ್ಲದೆ ಬೇರೆ ಗತಿಯಿಲ್ಲ.

ಇನ್ನು ಉಳಿದೆರಡು ವಾದಗಳು. ಪಟ್ಟು ಬೀಳುವ ಮೊದಲು ಪರಿಹಾರವಿದೆ ಎಂಬುದು ನಿಜ; ಬಿದ್ದ ಮೇಲೆ ಏನಿದೆ ಎಂಬುದೇ ಪ್ರಶ್ನೆ. ಈ ಆಟದಲ್ಲಿ ಸರಪಣಿಯಂತೆ ಬೀಳುವ ಹೊಡೆತಗಳು ಬೇರೆಯೂ ಉಂಟು. ಅವುಗಳನ್ನು ಯಾರೂ ದೂರುವುದಿಲ್ಲ. ಏಕೆಂದರೆ ಹೊಡೆತ ತಿಂದು ಹಾರುವವನು ತನ್ನ ಹಾರುವ ದಿಕ್ಕನ್ನು ಕಡ್ಡಿಯ ಚಲನೆಯಿಂದ ತುಸು ಬದಲಿಸಬಲ್ಲನು. ಹೊಡೆಯುವವನು ಅದನ್ನು ಊಹಿಸಿ ಬೆನ್ನಟ್ಟಬೇಕು. ಪೆಟ್ಟು ತಿನ್ನುತ್ತಿರುವಾಗಲೂ ಅಲ್ಲಿ ಇಬ್ಬರೂ ಆಡುತ್ತಿರುವರು. ವಾಬ್ಲಿಂಗಿನಲ್ಲಿಯಾದರೋ ಒಬ್ಬನು ಆಡುವನು, ಇನ್ನೊಬ್ಬನು ಕಾಯುವನು. ಅವನು ಕೈಯಲ್ಲಿರುವ ಯಂತ್ರವನ್ನು ಕೆಳಗಿಟ್ಟು ನೀರು ಕುಡಿದು ಬಂದರೂ ಫಲವು ಒಂದೇ. ಆದುದರಿಂದ ಈ ಪಟ್ಟು ಎಷ್ಟು ಸಲ ಗೆದ್ದಿತೆಂದು ಎಣಿಸುವುದು ಅಪ್ರಸ್ತುತ. ನಿಷೇಧಕ್ಕೆ ಹೇತುವು ಬಲವಲ್ಲ. ಎದುರಾಳಿಯ ಸರದಿಯನ್ನು ಅಪಹರಿಸುವುದೇ ಹೇತು.

ಈ ಭೇದವನ್ನು ಭರತಖಂಡದ ತಾರ್ಕಿಕರು ಬಹು ಹಿಂದೆಯೇ ಕಂಡಿದ್ದರು. ಗೌತಮರ ನ್ಯಾಯಸೂತ್ರವು ವಾದ, ಜಲ್ಪ, ವಿತಂಡಾ ಎಂದು ಮೂರು ಬಗೆಯ ಚರ್ಚೆಗಳನ್ನು ಹೇಳುತ್ತದೆ. ತತ್ತ್ವನಿರ್ಣಯಕ್ಕಾಗಿ ನಡೆಯುವ ವಾದದಲ್ಲಿ, ಮಾತಿನ ಅರ್ಥವನ್ನು ತಿರುಚಿ ಆಕ್ಷೇಪಿಸುವ ಛಲಕ್ಕೆ ಎಡೆಯಿಲ್ಲ. ಗೆಲುವಿಗಾಗಿ ನಡೆಯುವ ಜಲ್ಪದಲ್ಲಿ ಛಲಕ್ಕೂ ಅವಕಾಶವುಂಟು. ಗೆಲುವಿನ ಸ್ಪರ್ಧೆಯಲ್ಲಿ ಉಪಾಯವು ದೋಷವಲ್ಲವೆಂಬುದನ್ನು ಶಾಸ್ತ್ರವೇ ಒಪ್ಪಿದಂತಾಯಿತು. ಆದರೆ ಜಲ್ಪದಲ್ಲಿ ಕೂಡ ಒಬ್ಬನು ಛಲವನ್ನು ಹೂಡಿದರೆ ಇನ್ನೊಬ್ಬನು ಅದನ್ನು ಬಯಲಿಗೆಳೆಯಲು ಸ್ವತಂತ್ರನು. ಪ್ರತಿವಾದಿಯ ಬಾಯಿಗೆ ಬಟ್ಟೆ ತುರುಕಿ ಜಯಪತ್ರವನ್ನು ಪಡೆಯಬಹುದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಉಪಾಯವು ಎಷ್ಟೇ ಕುಟಿಲವಾಗಿರಲಿ, ಉತ್ತರಕ್ಕೆ ಸ್ಥಳವಿದ್ದರೆ ಅದು ಆಟ. ಇಲ್ಲದಿದ್ದರೆ ಅದು ಆಟದ ಮಧ್ಯದಲ್ಲಿ ಆಟವನ್ನು ನಿಲ್ಲಿಸುವ ಕ್ರಿಯೆ.

ಇಷ್ಟು ಹೇಳಿದ ಮಾತ್ರಕ್ಕೆ ಸೋತ ದಿನವೇ ನಿಷೇಧದ ಅರ್ಜಿಯನ್ನು ಬರೆಯುವವರಿಗೆ ಬೆಂಬಲವಿತ್ತಂತಾಗದು. ಅವರ ಪಕ್ಷವು ಇನ್ನೂ ದುರ್ಬಲವಾದುದು. ಕ್ಯಾಪ್‌ಕಾಮ್ ಸಂಸ್ಥೆಯು 1994ರಲ್ಲಿ ಹೊರತಂದ ‘ಸೂಪರ್ ಸ್ಟ್ರೀಟ್ ಫೈಟರ್ 2 ಟರ್ಬೋ’ ಆಟದಲ್ಲಿ ಅಕುಮಾ ಎಂಬ ಗುಪ್ತಯೋಧನಿದ್ದನು. ಅವನು ಆಕಾಶದಿಂದ ಎಸೆಯುವ ಅಗ್ನಿಗೋಳಕ್ಕೆ ತಕ್ಕ ಉತ್ತರವು ಉಳಿದ ಯೋಧರಲ್ಲಿ ಇರಲಿಲ್ಲ. ಅಮೆರಿಕದ ಸ್ಪರ್ಧೆಗಳು ಅವನನ್ನು ನಿಯಮದಿಂದ ಹೊರಗಿಟ್ಟವು. ಜಪಾನಿನ ಆಟಗಾರರು ಬರೆದಿಡದ ಒಡಂಬಡಿಕೆಯಿಂದಲೇ ಅವನನ್ನು ಬಿಟ್ಟರು. ಆ ನಿಷೇಧವು ನಿಂತಿತು. ಇದಕ್ಕೆ ಪ್ರತಿಯಾಗಿ, 2008ರ ‘ಸ್ಮ್ಯಾಶ್ ಬ್ರದರ್ಸ್ ಬ್ರಾಲ್’ ಆಟದ ಮೆಟಾ ನೈಟ್ ಎಂಬ ಯೋಧನನ್ನು ನೋಡಬಹುದು. ಅವನು ಬಹಳ ಗೆಲ್ಲುವನೆಂದು 2011ರಲ್ಲಿ ನಿಯಮಮಂಡಲಿಯೊಂದು ನಿಷೇಧವನ್ನು ಸಾರಿತು. ಆದರೆ 2012ರ ‘ಅಪೆಕ್ಸ್’ ಮಹಾಸ್ಪರ್ಧೆಯಲ್ಲಿ ಅವನಿಗೆ ಪ್ರವೇಶವಿದ್ದಿತು. ಆಟಗಾರರಲ್ಲಿ ಒಮ್ಮತವು ಮೂಡಲಿಲ್ಲ. ಅವನು ಪ್ರಬಲನಾಗಿದ್ದನು, ಆದರೆ ಅವನೊಡನೆ ಆಡಬಹುದಾಗಿತ್ತು. ಬಹಳ ಗೆಲ್ಲುವುದೇ ಅಪರಾಧವೆಂದರೆ, ಶ್ರೇಷ್ಠನಾದ ಪ್ರತಿಯೊಬ್ಬನೂ ಅಪರಾಧಿಯೇ ಆಗಬೇಕಾದೀತು. ಒಬ್ಬನನ್ನು ತೆಗೆದರೆ ಎರಡನೆಯವನು ಮೊದಲನೆಯವನಾಗುವನು. ಅವನ ಮೇಲೂ ಅರ್ಜಿ ಬರುವುದು. ಕೊನೆಗೆ ಉಳಿಯುವುದು ಯಾರಿಗೂ ನೋವಾಗದ, ಯಾರೂ ಆಡದ ಆಟ.

ಆದುದರಿಂದ ನಿಷೇಧವು ಕೂಡದೆಂದಲ್ಲ. ಅದಕ್ಕೆ ಕಟ್ಟುಪಾಡು ಬೇಕು. ಮೊದಲನೆಯದಾಗಿ, ನಿಷಿದ್ಧವಾದುದರ ಲಕ್ಷಣವು ಅತಿವ್ಯಾಪ್ತಿ ಅವ್ಯಾಪ್ತಿಗಳಿಲ್ಲದಂತೆ ಸ್ಪಷ್ಟವಾಗಿರಬೇಕು. ‘ಅತಿಯಾಗಿ ಹೊಡೆಯಕೂಡದು’ ಎಂಬುದು ನಿಯಮವಲ್ಲ, ಹಿತೋಕ್ತಿ. ಒಂದು ಹಿಡಿತದಲ್ಲಿ ಎಷ್ಟು ಪೆಟ್ಟುಗಳೆಂದು ಎಣಿಸಿ ಹೇಳಬಲ್ಲಂತೆ ಇರುವುದು ನಿಯಮ. ಆಗ ನಿರ್ಣಾಯಕನಿಗೂ ಪ್ರೇಕ್ಷಕನಿಗೂ ಅದು ಒಂದೇ ರೀತಿ ಕಾಣುವುದು. ಗಾಯದ ಅಂಕಕ್ಕೆ ಮಾತ್ರ ಮೇಲ್ಮಿತಿಯನ್ನು ಹಾಕಿದವರೂ ಉಂಟು. ಅದರಿಂದ ಕಾಲಹರಣ ತಪ್ಪುವುದೇ ಹೊರತು ಪ್ರಾಣಹರಣ ತಪ್ಪದು. ಎರಡನೆಯದಾಗಿ, ನಿಷೇಧವು ಪಟ್ಟಿಗೆ ತಗಲಬೇಕು, ಯೋಧನಿಗೆ ತಗಲಬಾರದು. ಆ ಜೋಡಿಯನ್ನೇ ನೆಚ್ಚಿ ವರ್ಷಗಟ್ಟಲೆ ಸಾಧನೆ ಮಾಡಿದವರಿದ್ದಾರೆ; ಈ ಪಟ್ಟು ಹೋದರೆ ಅವರ ಕೈಯ ಆಯುಧವು ಮೊಂಡಾಗುವುದು ನಿಶ್ಚಯ. ಈ ನಷ್ಟವು ಸುಳ್ಳೆಂದು ಹೇಳುವುದು ಅನ್ಯಾಯ. ಇದಕ್ಕಾಗಿ ಎಲ್ಲರ ಸರದಿಯನ್ನೂ ಒತ್ತೆಯಿಡುವುದು ಇನ್ನೂ ದೊಡ್ಡ ಅನ್ಯಾಯ. ಮೂರನೆಯದಾಗಿ, ನಿಯಮವು ಮುಂದಕ್ಕೆ ನೋಡಬೇಕು. 1981ರ ಫೆಬ್ರವರಿ 1ರಂದು ಮೆಲ್ಬರ್ನಿನಲ್ಲಿ ನ್ಯೂಜಿಲೆಂಡಿಗೆ ಪಂದ್ಯವನ್ನು ಸರಿಸಮ ಮಾಡಲು ಕೊನೆಯ ಚೆಂಡಿನಲ್ಲಿ 6 ಓಟಗಳು ಬೇಕಾಗಿದ್ದಾಗ, ಗ್ರೆಗ್ ಚಾಪೆಲನ ಆಜ್ಞೆಯಂತೆ ಅವನ ತಮ್ಮ ಟ್ರೆವರನು ಚೆಂಡನ್ನು ನೆಲದ ಮೇಲೆ ಉರುಳಿಸಿದನು. ಅಂದಿನ ನಿಯಮವು ಅದನ್ನು ತಡೆದಿರಲಿಲ್ಲ. ಬ್ಯಾಟುಗಾರನಿಗೆ ಉತ್ತರವೇ ಉಳಿಯಲಿಲ್ಲ. ಲೋಕವು ಛೀಮಾರಿ ಹಾಕಿತು, ನಿಯಮವು ಬದಲಾಯಿತು. ಆದರೆ ಆ ಪಂದ್ಯದ ಫಲವು ಬದಲಾಗಲಿಲ್ಲ. ಅದೇ ಕ್ರಮ. 2013ರಲ್ಲಿ ಅನುಮತಿಯ ಮೇರೆಗೆ ಆಡಿ ಪಡೆದ ಸ್ಥಾನವನ್ನು 2019ರ ನಿಷೇಧದಿಂದ ಕಳಂಕಿತವೆನ್ನುವವನು ನಿಯಮವನ್ನು ಗೌರವಿಸುವವನಲ್ಲ, ಹಳೆಯ ಹಗೆಯನ್ನು ಸಾಧಿಸುವವನು.

ಉಭಯ ಪಕ್ಷಗಳ ಮೂಲದಲ್ಲಿ ಒಂದೇ ಅಜ್ಞಾನವಿದೆ. ಎದುರಾಳಿಯು ಗೆಲುವಿಗೆ ಅಡ್ಡವಾದ ವಸ್ತುವೆಂದು ಒಬ್ಬನು ತಿಳಿದಿರುವನು. ತನ್ನ ಸೋಲಿಗೆ ಕಾರಣನಾದ ಅಪರಾಧಿಯೆಂದು ಇನ್ನೊಬ್ಬನು ತಿಳಿದಿರುವನು. ಎದುರಾಳಿಯಿಲ್ಲದೆ ಆಟವೇ ಇಲ್ಲ. ಅವನನ್ನು ಸೋಲಿಸುವ ಹಕ್ಕು ಆಟಗಾರನಿಗೆ ಸಂಪೂರ್ಣವಾಗಿ ಉಂಟು. ಅವನನ್ನು ಆಡಗೊಡದಿರುವ ಹಕ್ಕು ಯಾರಿಗೂ ಇಲ್ಲ. ಮನೆಯಲ್ಲಿ ಮಕ್ಕಳು ತೆರೆಯ ಮುಂದೆ ಕುಳಿತು ಈ ಬಗೆಯ ಜಗಳವನ್ನು ತಂದಾಗ, ಯಂತ್ರವನ್ನು ಆರಿಸುವುದಕ್ಕೆ ಮೊದಲು ಹಿರಿಯರು ಕೇಳಬೇಕಾದ ಪ್ರಶ್ನೆಯೂ ಇದೊಂದೇ: ಸೋತವನಿಗೆ ಸರದಿ ಸಿಕ್ಕಿತ್ತೋ ಇಲ್ಲವೋ? ಸಿಕ್ಕಿದ್ದರೆ ಅವನು ಸುಮ್ಮನಿರಲಿ. ಸಿಕ್ಕದಿದ್ದರೆ ಗೆದ್ದವನು ಸುಮ್ಮನಿರಲಿ.