ಹೆಣ್ಣು ಮರಿ ಬೇಡ ಅನ್ನುವ ಮುನ್ನ...

ಬೆಳಿಗ್ಗೆ ಹಾಲು ತರಲು ಹೊರಟಾಗ ಪಾರ್ಕಿನ ಗೇಟಿನ ಬಳಿ ಒಂದು ರಟ್ಟಿನ ಡಬ್ಬ. ಒಳಗೆ ಕುಂಯ್ ಕುಂಯ್ ಸದ್ದು. ನೀವೂ ಒಮ್ಮೆ ಬಗ್ಗಿ ನೋಡಿರಬಹುದು. ಮೂರೋ ನಾಲ್ಕೋ ನಾಯಿಮರಿಗಳು, ಬಹುಪಾಲು ಹೆಣ್ಣೇ! ಗಂಡು ಮರಿಗಳಿಗೆ ಹೇಗೋ ಮನೆ ಸಿಕ್ಕಿರುತ್ತದೆ. ಹೆಣ್ಣು ಎಂದ ಕೂಡಲೇ, "ಅಯ್ಯೋ ಬೇಡಪ್ಪಾ, ಮರಿ ಹಾಕ್ತಾನೇ ಇರುತ್ತೆ, ಯಾರು ನೋಡ್ಕೋತಾರೆ?" ಎನ್ನುತ್ತೇವೆ.

ಇದನ್ನು ಬರೆಯುತ್ತಿರುವ ನಾನೇನೂ ಸಾಚಾ ಅಲ್ಲ. ನಮ್ಮನೆ ಚಿನ್ನಿಗೆ ವರ್ಷ ತುಂಬುವ ಮೊದಲೇ ಆರು ಮರಿಗಳಾದವು. 'ಕಾಂಪೌಂಡ್ ಒಳಗೇ ಇರ್ತಾಳಲ್ಲ, ಏನಾಗುತ್ತೆ' ಅಂದುಕೊಂಡಿದ್ದೆ. ಗ್ಯಾಸ್ ಸಿಲಿಂಡರ್ ಬಂದಾಗ ಗೇಟು ತೆರೆದಿದ್ದಷ್ಟೇ. ಎರಡು ಗಂಡು ಮರಿಗಳನ್ನು ಪರಿಚಯದವರು ಕೇಳಿ ಒಯ್ದರು. ನಾಲ್ಕು ಹೆಣ್ಣು ಉಳಿದವು. 'ಕೊಡಿ' ಎಂದವರಿಗೆಲ್ಲ ಕೊಟ್ಟು ಕೈತೊಳೆದುಕೊಂಡೆ. ವರ್ಷದ ಮೇಲೆ ಅವುಗಳಲ್ಲೊಂದು ಬಸ್ ಸ್ಟಾಪ್ ಹಿಂದೆ ಕಾಣಿಸಿತು. ಎಲುಬು ಎದ್ದ ಮೈ, ಜೋತುಬಿದ್ದ ಮೊಲೆ, ಹಿಂದೆ ಐದು ಮರಿ. ಹಣೆಯ ಬಿಳಿ ಮಚ್ಚೆ ನೋಡಿ ಗುರುತು ಹಿಡಿದೆ. ಅವತ್ತು ನನಗೆ ಊಟ ಸೇರಲಿಲ್ಲ.

ಆಮೇಲೆ ಆ ತಾಯಿ, ಮರಿಗಳಿಗೆ ಆಸರೆ ಹುಡುಕಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಚಿನ್ನಿಗೆ ಒಂದು ಆಪರೇಷನ್ ಮಾಡಿಸಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲ. ಡಬ್ಬದಿಂದ ಮರಿ ಎತ್ತಿಕೊಳ್ಳುವುದು ಪುಣ್ಯದ ಕೆಲಸವೇ. ಆದರೆ ಆ ಡಬ್ಬ ತುಂಬದಂತೆ ನೋಡಿಕೊಳ್ಳುವುದು ಅದಕ್ಕಿಂತ ದೊಡ್ಡದು.

'ಅಕಸ್ಮಾತ್ ಆಗೋಯ್ತು' ಅನ್ನುವವರು ಇಲ್ಲಿ ಗಮನಿಸಿ. ಹೆಣ್ಣು ನಾಯಿ ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳೊಳಗೆ ಮೊದಲ ಸಲ ಬೆದೆಗೆ ಬರುತ್ತದೆ. ನಂತರ ಸುಮಾರು ಆರು ತಿಂಗಳಿಗೊಮ್ಮೆ. ಬೆದೆ ಎರಡು, ಮೂರು ವಾರ ಇರುತ್ತದೆ. ಮೊದಲ ವಾರ, ಹತ್ತು ದಿನ ರಕ್ತ ಕಾಣುತ್ತದೆ. ಅದು ತಿಳಿಯಾದಾಗ 'ಸದ್ಯ, ಮುಗೀತು' ಎಂದು ಬಿಟ್ಟುಬಿಡುತ್ತೇವೆ. ಗರ್ಭ ಕಟ್ಟುವುದು ಹೆಚ್ಚಾಗಿ ಆಗಲೇ! ಅಣ್ಣ, ತಮ್ಮ ಎಂಬ ಸಂಬಂಧವೂ ನಾಯಿಗಳಿಗೆ ಗೊತ್ತಿಲ್ಲ. ಎರಡು ತಿಂಗಳು ಕಳೆದರೆ ಮನೆತುಂಬ ಮರಿಗಳು.

"ಒಂದ್ಸಲನಾದ್ರೂ ತಾಯಿ ಆಗ್ಲಿ ಪಾಪ" ಎಂದು ನಮ್ಮತ್ತೆಯೂ ಹೇಳಿದ್ದರು. ಒಮ್ಮೆ ಮರಿ ಹಾಕಿದರೆ ಆರೋಗ್ಯಕ್ಕೆ ಒಳ್ಳೆಯದು ಎಂಬುದು ಬರೀ ನಂಬಿಕೆ. ನಿಜ ಏನೆಂದರೆ, ಆಪರೇಷನ್ ಆಗದ ನಾಯಿಗಳಿಗೆ ವಯಸ್ಸಾದಂತೆ ಗರ್ಭಕೋಶದಲ್ಲಿ ಕೀವು ತುಂಬುವ ಅಪಾಯವಿದೆ. ತಡಮಾಡಿದರೆ ಜೀವಕ್ಕೇ ಕುತ್ತು. ಬೇಗ ಆಪರೇಷನ್ ಆದವುಗಳಲ್ಲಿ ಮೊಲೆಯ ಗಡ್ಡೆಯೂ ಕಡಿಮೆ. ಬೆದೆ ತಪ್ಪಿಸುವ ಇಂಜೆಕ್ಷನ್ ಸುಲಭ ಎನಿಸಬಹುದು. ಅದರಿಂದಲೇ ಗರ್ಭಕೋಶದ ತೊಂದರೆ ಬರುವುದುಂಟು, ಜೋಕೆ.

ಹಾಗಾದರೆ ಏನು ಮಾಡಬೇಕು? ಮರಿಗೆ ಐದಾರು ತಿಂಗಳಾಗುತ್ತಲೇ ಪಶುವೈದ್ಯರನ್ನು ಕಾಣಿ. ತಳಿ, ತೂಕ ನೋಡಿ ಯಾವಾಗ ಎಂದು ಅವರು ಹೇಳುತ್ತಾರೆ. ಆಪರೇಷನ್ನಿನ ನಂತರ ಹತ್ತು, ಹದಿನಾಲ್ಕು ದಿನ ಹೊಲಿಗೆ ನೆಕ್ಕದಂತೆ ಕೊರಳಿಗೆ ಕಾಲರ್ ಹಾಕಿ, ಸ್ನಾನ ಬೇಡ, ಓಡಾಟ ಕಡಿಮೆ ಇರಲಿ. ಮೈ ಬರುತ್ತದೆಂಬ ಭಯವೇ? ಊಟದ ಅಳತೆ ನಿಮ್ಮ ಕೈಯಲ್ಲೇ ಇದೆಯಲ್ಲ! ಅಲ್ಲಿಯವರೆಗೆ ಬೆದೆಯ ದಿನಗಳಲ್ಲಿ ಟೆರೇಸಿನಲ್ಲೂ ಒಂಟಿಯಾಗಿ ಬಿಡಬೇಡಿ. ಕಣ್ತಪ್ಪಿ ನಾಯಿಗಳು ಕೂಡಿಕೊಂಡಿದ್ದರೆ ಹೊಡೆದು, ಎಳೆದು ಬಿಡಿಸಬೇಡಿ, ಎರಡಕ್ಕೂ ಗಾಯವಾಗುತ್ತದೆ. ಆದಷ್ಟು ಬೇಗ ವೈದ್ಯರಿಗೆ ತಿಳಿಸಿ. ಗಂಡು ನಾಯಿ ಸಾಕಿದವರೂ ನುಣುಚಿಕೊಳ್ಳುವಂತಿಲ್ಲ. ಅವಕ್ಕೂ ಆಪರೇಷನ್ ಇದೆ, ಅದು ಇನ್ನೂ ಸರಳ.

ನಿಮ್ಮ ಬೀದಿಯಲ್ಲಿ ಅನ್ನ ಹಾಕುವ ನಾಯಿಯ ಕಿವಿಯ ತುದಿ ಗಮನಿಸಿ. ಕತ್ತರಿಸಿದ ಗುರುತಿದ್ದರೆ ಆಪರೇಷನ್ ಆಗಿದೆ ಎಂದರ್ಥ. ಇಲ್ಲದಿದ್ದರೆ ಪಾಲಿಕೆಗೆ ತಿಳಿಸಿ. 2023ರ ಸಂತಾನ ನಿಯಂತ್ರಣ ನಿಯಮದ ಪ್ರಕಾರ ಬೀದಿನಾಯಿಗಳ ಆಪರೇಷನ್ ಸ್ಥಳೀಯ ಸಂಸ್ಥೆಯ ಹೊಣೆ. ಬೆಂಗಳೂರಿನಲ್ಲಿ 2019ರ ಎಣಿಕೆಯಂತೆ 3.10 ಲಕ್ಷ ಇದ್ದ ಬೀದಿನಾಯಿಗಳು 2023ರಲ್ಲಿ 2.79 ಲಕ್ಷಕ್ಕೆ ಇಳಿದಿದ್ದವು. ನಾವು ಸಾಕಿದ ನಾಯಿಯ ಮರಿಗಳನ್ನು ಮತ್ತೆ ಬೀದಿಗೆ ಸೇರಿಸಿದರೆ ಆ ಶ್ರಮವೆಲ್ಲ ನೀರಲ್ಲಿ ಹೋಮ.

ಬಸ್ ಸ್ಟಾಪಿನ ಆ ಮಚ್ಚೆಯವಳು ಈಗ ನಮ್ಮ ಮನೆಯಲ್ಲೇ ಇದ್ದಾಳೆ. ತಾಯಿ, ಮಗಳು ಇಬ್ಬರಿಗೂ ಆಪರೇಷನ್ ಆಗಿದೆ. ಹೆಣ್ಣು ಎಂಬ ಕಾರಣಕ್ಕೆ ಬೇಡವಾಗುವುದರ ನೋವು ಹೆಣ್ಣುಮಕ್ಕಳಾದ ನಮಗೆ ಗೊತ್ತಿಲ್ಲದ್ದೇನಲ್ಲ. ಮುಂದಿನ ಸಲ ಮರಿ ತರುವಾಗ ಹೆಣ್ಣನ್ನೇ ತನ್ನಿ, ಆಪರೇಷನ್ ಮಾಡಿಸಿ ನೆಮ್ಮದಿಯಾಗಿ ಸಾಕಿ. ಏನಂತೀರಿ?