ಮನೆ ಮಾರಿ ಮಗನ ದೇಶಕ್ಕೆ ಹೊರಟಿರಾ? ಒಂದು ನಿಮಿಷ ನಿಲ್ಲಿ!



ನಾನು ತುಮಕೂರಿನಲ್ಲಿ ಪ್ರೆಸ್ ಇಟ್ಟುಕೊಂಡು ಹೊಟ್ಟೆ ಹೊರೆಯುವವನು. ಮದುವೆ ಪತ್ರಿಕೆ, ಬಿಲ್ ಬುಕ್ಕು, ಕರಪತ್ರ, ವೈಕುಂಠ ಸಮಾರಾಧನೆ ಕಾರ್ಡು, ಇಷ್ಟೇ ನನ್ನ ಪ್ರಪಂಚ. ಕಾನೂನು ಪಂಡಿತನಲ್ಲ. ಆದರೆ ಕೆಲವು ವರ್ಷಗಳಿಂದ ನನ್ನ ಅಂಗಡಿಗೆ ಹೊಸ ಬಗೆಯ ಗಿರಾಕಿಗಳು ಬರುತ್ತಿದ್ದಾರೆ. ನಿವೃತ್ತ ಮೇಷ್ಟ್ರು, ನಿವೃತ್ತ ಎಂಜಿನಿಯರು, ನಿವೃತ್ತ ತಹಶೀಲ್ದಾರರು. "ಮನೆ ಮಾರಾಟಕ್ಕಿದೆ" ಎಂದು ಐನೂರು ಚೀಟಿ ಅಚ್ಚು ಹಾಕಿಸುತ್ತಾರೆ. ಯಾಕೆ ಸ್ವಾಮಿ ಎಂದರೆ "ಮಗ ಗ್ರೀನ್ ಕಾರ್ಡ್ ಮಾಡಿಸಿದ್ದಾನಪ್ಪ, ಇನ್ನು ಅಲ್ಲೇ" ಎನ್ನುತ್ತಾರೆ. ಮುಖದಲ್ಲಿ ಹೆಮ್ಮೆ. ಪಕ್ಕದಲ್ಲಿ ನಿಂತ ಹೆಂಡತಿಯ ಮುಖದಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ.

ಹೀಗೆ ಹೋದವರಲ್ಲಿ ಒಬ್ಬರು ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಮೇಷ್ಟ್ರು. ಮೂರು ವರ್ಷದ ಹಿಂದೆ ಮೂವತ್ತು-ನಲವತ್ತರ ಸೈಟಿನ ಮನೆ ಮಾರಿ ಅಮೆರಿಕಾದ ನ್ಯೂಜೆರ್ಸಿಗೆ ಹೋದರು. ಈಗ ಐದು ತಿಂಗಳ ಮಟ್ಟಿಗೆ ಬಂದಿದ್ದಾರೆ. ಎಲ್ಲಿದ್ದಾರೆ ಗೊತ್ತೇ? ತಮ್ಮದೇ ಹಳೆಯ ಬೀದಿಯಲ್ಲಿ, ತಮ್ಮ ಮನೆಯಿಂದ ನಾಲ್ಕು ಮನೆ ಆಚೆ, ಬಾಡಿಗೆಗೆ! ಸಂಜೆಯಾದರೆ ನನ್ನ ಪ್ರೆಸ್ಸಿಗೆ ಬಂದು ಕೂತು ಪುಕ್ಕಟೆ ಕರಡು ತಿದ್ದುತ್ತಾರೆ. ಅವರು ಹೇಳಿದ್ದು, ಅವರ ಕೈಲಿದ್ದ ಕಾಗದಪತ್ರ ನೋಡಿ ನಾನು ತಿಳಿದುಕೊಂಡದ್ದು, ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಆಸ್ಪತ್ರೆಯ ವಿಚಾರ. ಮುಪ್ಪಿಗೆ ಮುಖ್ಯವಾದದ್ದು ಅದೇ ತಾನೆ? ಅಮೆರಿಕಾದಲ್ಲಿ 65 ದಾಟಿದವರಿಗೆ ಮೆಡಿಕೇರ್ ಎಂಬ ಸರ್ಕಾರಿ ವಿಮೆ ಇದೆ, ಭೇಷ್ ಎಂದುಕೊಂಡು ಹೋಗುತ್ತೀರಿ. ಆದರೆ ಅದು ಅಲ್ಲಿ ಹತ್ತು ವರ್ಷ ದುಡಿದು ತೆರಿಗೆ ಕಟ್ಟಿದವರಿಗೆ ಮಾಡಿದ ವ್ಯವಸ್ಥೆ. ನೀವು ದುಡಿದದ್ದು ಕರ್ನಾಟಕದಲ್ಲಿ. ಗ್ರೀನ್ ಕಾರ್ಡ್ ಹಿಡಿದು ಹೋದ ಹಿರಿಯರು ಐದು ವರ್ಷ ಎಡಬಿಡದೆ ಅಲ್ಲೇ ವಾಸ ಮಾಡಿದ ಮೇಲಷ್ಟೇ ಅದನ್ನು ದುಡ್ಡು ಕೊಟ್ಟು ಕೊಳ್ಳಬಹುದು. 2025ರ ದರ ನೋಡಿ: ಆಸ್ಪತ್ರೆ ಭಾಗಕ್ಕೆ ತಿಂಗಳಿಗೆ 518 ಡಾಲರ್, ವೈದ್ಯರ ಭಾಗಕ್ಕೆ 185 ಡಾಲರ್. ಒಟ್ಟು 703. ನಮ್ಮ ದುಡ್ಡಿನಲ್ಲಿ ತಲೆಗೆ ಸುಮಾರು 60 ಸಾವಿರ, ಗಂಡ ಹೆಂಡತಿಗೆ ಲಕ್ಷದ ಮೇಲೆ, ಪ್ರತಿ ತಿಂಗಳು! ಮೇಷ್ಟ್ರ ಪೆನ್ಷನ್ ಎಲ್ಲಿ, ಇದೆಲ್ಲಿ? ಅಲ್ಲಿಯವರೆಗಿನ ಐದು ವರ್ಷ ಖಾಸಗಿ ವಿಮೆಯೇ ಗತಿ. ಮಗನ ಕಂಪನಿ ಕೊಡುವ ವಿಮೆಗೆ ಸಾಮಾನ್ಯವಾಗಿ ಹೆಂಡತಿ ಮಕ್ಕಳು ಸೇರುತ್ತಾರೆ, ಅಪ್ಪ ಅಮ್ಮ ಸೇರುವುದಿಲ್ಲ.

ಇಷ್ಟೆಲ್ಲ ಕಟ್ಟಿದ ಮೇಲೆ ಊರು ನೋಡಬೇಕೆಂದು ಆರು ತಿಂಗಳು ತುಮಕೂರಿಗೆ ಬಂದಿರಿ ಎನ್ನಿ. ಇಲ್ಲಿ ಬಿದ್ದು ಸೊಂಟ ಮುರಿದರೆ ಆ ಮೆಡಿಕೇರ್ ಒಂದು ಪೈಸೆ ಬಿಚ್ಚುವುದಿಲ್ಲ. ಅದು ಅವರ ದೇಶದೊಳಗಿನ ಮಾತು. ಇಲ್ಲಿಯ ವಿಮೆಯನ್ನು "ಇನ್ನೇಕೆ" ಎಂದು ಬಿಟ್ಟು ಹೋಗಿದ್ದರೆ ಮತ್ತೆ ಮೊದಲಿಂದ. ಹಳೆಯ ಕಾಯಿಲೆಗಳಿಗೆ ಮೂರು ವರ್ಷದವರೆಗೂ ಕಾಯಿರಿ ಎನ್ನುತ್ತಾರೆ. ಎಪ್ಪತ್ತೆರಡರ ಮನುಷ್ಯ ಮೂರು ವರ್ಷ ಕಾಯಬೇಕಂತೆ!

ಎರಡನೆಯದು ಮಗ ಬರೆದುಕೊಡುವ ಮುಚ್ಚಳಿಕೆ. ನಿಮ್ಮನ್ನು ಕರೆಸಿಕೊಳ್ಳಬೇಕಾದರೆ "ಇವರ ಹೊಣೆ ನನ್ನದು, ಸರ್ಕಾರದ ಮೇಲೆ ಬೀಳಲು ಬಿಡುವುದಿಲ್ಲ" ಎಂದು ಅವನು ಸಹಿ ಹಾಕಿರುತ್ತಾನೆ. 1996ರಲ್ಲಿ ಮಾಡಿದ ಕಾಯಿದೆ ಅದನ್ನು ಕೋರ್ಟಿನಲ್ಲಿ ನಿಲ್ಲುವ ಕರಾರು ಮಾಡಿಟ್ಟಿದೆ. ಅವನ ಕೆಲಸ ಹೋದರೂ, ಸಂಸಾರ ಒಡೆದರೂ ಆ ಸಹಿ ಅಳಿಸುವುದಿಲ್ಲ. ಬಡವರಿಗೆಂದು ಇರುವ ನೆರವನ್ನು ನೀವು ಪಡೆದರೆ ಸರ್ಕಾರ ಅವನ ಮೇಲೆ ವಸೂಲಿಗೆ ಬರಬಹುದು. ಊರಲ್ಲಿ ಯಾರ ಮುಂದೆಯೂ ಕೈ ಚಾಚದೆ ಬಾಳಿದವರು ನೀವು. ಅಲ್ಲಿ ಹಲ್ಲು ಕೀಳಿಸಬೇಕಾದರೂ ಮಗನ ಮುಖ, ಸೊಸೆಯ ಮುಖ ನೋಡಬೇಕು. ಅವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಮೇಷ್ಟ್ರ ಸೊಸೆ ಬಂಗಾರದಂಥ ಹುಡುಗಿ. ಆದರೂ ಕೇಳುವುದು ಕೇಳುವುದೇ.

ಮೂರನೆಯದನ್ನು ಹೇಳಿದರೆ ನಗುತ್ತೀರೋ ಅಳುತ್ತೀರೋ ಗೊತ್ತಿಲ್ಲ. ಗ್ರೀನ್ ಕಾರ್ಡ್ ಎಂದರೆ ಅಲ್ಲಿ ಇರಲು ಕೊಟ್ಟ ಅಪ್ಪಣೆ, ಇರದಿದ್ದರೆ ಕಿತ್ತುಕೊಳ್ಳುತ್ತಾರೆ. ಮುಂಚೆ ಪರವಾನಗಿ ಪಡೆಯದೆ ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದರೆ "ನೀನು ಇಲ್ಲಿಯ ವಾಸ ಬಿಟ್ಟೆ" ಎನ್ನುತ್ತಾರೆ. ಆರು ತಿಂಗಳು ದಾಟಿದರೆ ಪೌರತ್ವದ ಲೆಕ್ಕಕ್ಕೆ ಅಡ್ಡಿ. ಅದಕ್ಕೇ ನಮ್ಮ ಮೇಷ್ಟ್ರು ಬಂದ ದಿನದಿಂದ ಕ್ಯಾಲೆಂಡರಿನ ಮೇಲೆ ಗುರುತು ಹಾಕುತ್ತಾ ಕೂತಿದ್ದಾರೆ. ಹೋಗಲಿ, ಪೌರತ್ವವನ್ನೇ ತೆಗೆದುಕೊಂಡು ನಿಶ್ಚಿಂತೆಯಾಗಿರೋಣ ಎಂದರೆ ಇಂಗ್ಲಿಷಿನಲ್ಲಿ ಓದಿ, ಬರೆದು, ಮಾತಾಡಿ ಪಾಸಾಗಬೇಕು. ಹಿರಿಯರಿಗೆ ರಿಯಾಯಿತಿ ಇಲ್ಲವೇ? ಇದೆ! 55 ದಾಟಿದವರು ಗ್ರೀನ್ ಕಾರ್ಡಿನ ಮೇಲೆ 15 ವರ್ಷ ಅಲ್ಲಿ ವಾಸ ಮಾಡಿದ್ದರೆ ಇಂಗ್ಲಿಷ್ ಪರೀಕ್ಷೆ ಮಾಫಿ, ದೇಶದ ಚರಿತ್ರೆ-ಆಡಳಿತದ ಪ್ರಶ್ನೆಗಳನ್ನು ತಮ್ಮ ಭಾಷೆಯಲ್ಲೇ ಉತ್ತರಿಸಬಹುದು. ಲೆಕ್ಕ ಹಾಕಿ. 68ಕ್ಕೆ ಹೋದ ತಾಯಿಗೆ ಕನ್ನಡದಲ್ಲಿ ಉತ್ತರ ಹೇಳುವ ಭಾಗ್ಯ 83ಕ್ಕೆ! ತೀರಾ ಕಾಯಿಲೆಯವರಿಗೆ ವೈದ್ಯರ ಸರ್ಟಿಫಿಕೇಟಿನ ಮೇಲೆ ವಿನಾಯಿತಿ ಉಂಟು. ಗಟ್ಟಿಮುಟ್ಟಾಗಿರುವ ಅಜ್ಜಿ ಮಾತ್ರ ಎ ಬಿ ಸಿ ಡಿ ತಿದ್ದಬೇಕು.

ಪಾಸಾದಿರಿ ಎಂದೇ ಇಟ್ಟುಕೊಳ್ಳಿ. ಅವತ್ತೇ ನೀವು ಭಾರತದ ಪ್ರಜೆಯಲ್ಲ. ನಮ್ಮ ಸಂವಿಧಾನದ 9ನೇ ವಿಧಿ, 1955ರ ಪೌರತ್ವ ಕಾಯಿದೆ ಎರಡು ದೇಶದ ಪೌರತ್ವವನ್ನು ಒಪ್ಪುವುದಿಲ್ಲ. ಪಾಸ್‌ಪೋರ್ಟ್ ಒಪ್ಪಿಸಿ ಓಸಿಐ ಎಂಬ ಕಾರ್ಡ್ ಪಡೆಯಬೇಕು. ಬಂದು ಹೋಗಲು ಅದು ಸಾಕು. ಓಟಿಲ್ಲ. ಒಂದು ಎಕರೆ ಹೊಲ ಕೊಳ್ಳುವಂತಿಲ್ಲ. ಅಪ್ಪನ ಆಸ್ತಿ ಬಂದರೆ ಇಟ್ಟುಕೊಳ್ಳಬಹುದು, ಅಷ್ಟೇ.

ದುಡ್ಡಿನ ತಾಪತ್ರಯ ಬೇರೆ. ಪರದೇಶದಲ್ಲಿ ನೆಲೆಸಿದಿರೆಂದರೆ ಇಲ್ಲಿಯ ಉಳಿತಾಯ ಖಾತೆಯನ್ನು ಅನಿವಾಸಿ ಖಾತೆ ಮಾಡಿಸಬೇಕು, ಅದರ ಬಡ್ಡಿಗೆ ಶೇಕಡಾ 30ರ ಮೇಲೆ ಮುಂಗಡ ತೆರಿಗೆ ಮುರಿಯುತ್ತಾರೆ. ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಅನಿವಾಸಿಗಳು ಸೇರುವಂತಿಲ್ಲ. ಅತ್ತ ಅಮೆರಿಕಾ ಸರ್ಕಾರಕ್ಕೆ ನಿಮ್ಮ ಇಲ್ಲಿಯ ಪೆನ್ಷನ್ನು, ಬಾಡಿಗೆ, ಬಡ್ಡಿ ಎಲ್ಲದರ ಲೆಕ್ಕ ಕೊಡಬೇಕು. ಹೊರದೇಶದ ಖಾತೆಗಳಲ್ಲಿ ಎಲ್ಲ ಸೇರಿ ವರ್ಷದಲ್ಲಿ ಯಾವತ್ತಾದರೂ 10,000 ಡಾಲರ್ ದಾಟಿದ್ದರೆ ಬೇರೆ ಫಾರಂ ತುಂಬಬೇಕು, ತುಂಬದಿದ್ದರೆ ಭಾರೀ ದಂಡ. ಎಂಟೊಂಬತ್ತು ಲಕ್ಷ ಎಫ್.ಡಿ. ಇಟ್ಟ ಮೇಷ್ಟ್ರೂ ಅವರ ಕಣ್ಣಿಗೆ ಕುಳವೇ!

ಇನ್ನು ಮಾತಿನ ವಿಚಾರ. ಈ ಪತ್ರಿಕೆಯ ಓದುಗರು ಇದನ್ನು ಗಮನಿಸಬೇಕು.

ಮೇಷ್ಟ್ರು ಹೇಳಿದ್ದು: ಬೆಳಿಗ್ಗೆ ಎಂಟಕ್ಕೆ ಮಗ ಸೊಸೆ ಕೆಲಸಕ್ಕೆ, ಮೊಮ್ಮಗ ಸ್ಕೂಲಿಗೆ. ಕಾರು ಓಡಿಸಲು ಬರದವರಿಗೆ ಅಲ್ಲಿ ಕಾಲಿದ್ದೂ ಇಲ್ಲ. ಸಂಜೆ ಮೊಮ್ಮಗ ಬಂದು ಇಂಗ್ಲಿಷಿನಲ್ಲಿ ಏನೋ ಹೇಳುತ್ತಾನೆ, ಅಜ್ಜಿ ಕನ್ನಡದಲ್ಲಿ ಏನೋ ಹೇಳುತ್ತಾಳೆ, ಇಬ್ಬರೂ ನಕ್ಕು ಸುಮ್ಮನಾಗುತ್ತಾರೆ. ಕನ್ನಡ ಕೂಟದವರು ಯುಗಾದಿಗೆ, ರಾಜ್ಯೋತ್ಸವಕ್ಕೆ ಸೇರುತ್ತಾರೆ, ಕನ್ನಡ ಶಾಲೆಯನ್ನೂ ನಡೆಸುತ್ತಾರೆ. ಅವರಿಗೆ ನನ್ನ ನಮಸ್ಕಾರ. ಆದರೆ ವರ್ಷದ ಉಳಿದ ದಿನಗಳು? ಮೂವತ್ತು ವರ್ಷ ಮಕ್ಕಳ ಮುಂದೆ ನಿಂತು ಪಾಠ ಹೇಳಿದ ಗಂಟಲು ದಿನಕ್ಕೆ ಹತ್ತು ಮಾತೂ ಆಡುವುದಿಲ್ಲವಂತೆ.

ಒಂದು ರಾತ್ರಿ ಅವರ ಹೆಂಡತಿಗೆ "ಸಂಕಟ" ಶುರುವಾಯಿತು. ಮಗ ಊರಲ್ಲಿರಲಿಲ್ಲ, ಸೊಸೆ ಆಸ್ಪತ್ರೆಗೆ ಸೇರಿಸಿ ಮಗುವಿಗಾಗಿ ಮನೆಗೆ ಹೋಗಿದ್ದಳು. ಸಂಕಟ ಎಂಬುದನ್ನು ಇಂಗ್ಲಿಷಿನಲ್ಲಿ ಏನೆಂದು ಹೇಳುವುದು? ಮೇಷ್ಟ್ರು ಬೆವೆತುಹೋದರು. ಆಗ ನರ್ಸು ಹಾಸಿಗೆ ಪಕ್ಕ ಒಂದು ಫೋನ್ ತಂದಿಟ್ಟಳು. ಅದರೊಳಗಿಂದ ಯಾರೋ ಹೆಣ್ಣುಮಗಳು "ಅಮ್ಮಾ, ವಾಂತಿ ಬರೋ ಹಾಗಿದೆಯಾ, ಎದೆ ಹಿಡಿದ ಹಾಗಿದೆಯಾ?" ಎಂದು ಕೇಳಿದಳು. ಅಚ್ಚ ಕನ್ನಡ! ಆಕೆ ಯಾರೋ, ಎಲ್ಲಿ ಕೂತಿದ್ದಳೋ. ಮೇಷ್ಟ್ರಿಗೆ ಅಳುವೇ ಬಂತಂತೆ.

ಅದು ಧರ್ಮಕ್ಕೆ ಕೊಟ್ಟದ್ದಲ್ಲ ಬಂಧುಗಳೇ. ಸರ್ಕಾರದ ಹಣ ಪಡೆಯುವ ಆಸ್ಪತ್ರೆ ಇಂಗ್ಲಿಷ್ ಬಾರದ ರೋಗಿಗೆ ದುಭಾಷಿಯನ್ನು ಪುಕ್ಕಟೆ ಒದಗಿಸಬೇಕೆಂಬುದು 1964ರ ಪೌರಹಕ್ಕು ಕಾಯಿದೆಯಿಂದ, 2010ರ ಆರೋಗ್ಯ ಕಾಯಿದೆಯಿಂದ ಅಲ್ಲಿ ಬಂದ ಹಕ್ಕು. 2025ರ ಮಾರ್ಚ್ 1ರಂದು ಅಧ್ಯಕ್ಷ ಟ್ರಂಪ್ ಇಂಗ್ಲಿಷನ್ನು ಅಧಿಕೃತ ಭಾಷೆ ಎಂದು ಆದೇಶ ಹೊರಡಿಸಿ, ಸರ್ಕಾರಿ ಸೇವೆಗಳಲ್ಲಿ ಭಾಷಾ ನೆರವಿಗಾಗಿ 2000ದಲ್ಲಿ ಕ್ಲಿಂಟನ್ ಮಾಡಿದ್ದ ಆದೇಶವನ್ನು ರದ್ದು ಮಾಡಿದರು. ಕಾಯಿದೆಗಳು ಇನ್ನೂ ನಿಂತಿವೆ. ಆದರೆ ಗಾಳಿ ಯಾವ ಕಡೆ ಬೀಸುತ್ತಿದೆ ನೋಡಿಕೊಳ್ಳಿ. ಆಗ ಬೇಕಾದವರು ಈಗ ಬೇಡವಾಗಬಹುದು. ಅದನ್ನು ಪ್ರಶ್ನಿಸಲು ನಿಮಗೆ ಅಲ್ಲಿ ಓಟಿಲ್ಲ.

ಈಗ ನಮ್ಮ ಊರಿಗೆ ಬನ್ನಿ. ಬ್ಯಾಂಕಿನ ಅರ್ಜಿಗಳು ಹಿಂದಿ, ಇಂಗ್ಲಿಷ್ ಜೊತೆಗೆ ಪ್ರಾದೇಶಿಕ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ಆದರೂ 2025ರ ಮೇ ತಿಂಗಳಲ್ಲಿ ಬೆಂಗಳೂರಿನ ಅಂಚಿನ ಬ್ಯಾಂಕ್ ಶಾಖೆಯೊಂದರಲ್ಲಿ ವ್ಯವಸ್ಥಾಪಕರು ಕನ್ನಡ ಮಾತಾಡುವುದಿಲ್ಲ ಎಂದು ಗಿರಾಕಿಗೆ ಮುಖಕ್ಕೆ ಹೊಡೆದಂತೆ ಹೇಳಿದ್ದನ್ನು ನಾಡೆಲ್ಲ ನೋಡಿತು. ಮುಖ್ಯಮಂತ್ರಿಗಳೇ ಖಂಡಿಸಬೇಕಾಯಿತು. ಪೆನ್ಷನ್ ಪಾಸ್‌ಬುಕ್ ಹಿಡಿದು ಕೌಂಟರಿನ ಮುಂದೆ ನಿಂತ ನಮ್ಮ ಮುದುಕರಿಗೆ ಯಾವ ಫೋನ್ ತಂದಿಡುತ್ತಾರೆ? ನ್ಯೂಜೆರ್ಸಿಯಲ್ಲಿ ಸಿಕ್ಕ ಕನ್ನಡ ಅವರಿಗೆ ಕನ್ನಡ ನಾಡಿನಲ್ಲೇ ಸಿಗದಿದ್ದರೆ ಅವರು ಇಲ್ಲಿ ಯಾವ ಸುಖಕ್ಕೆ ಇರಬೇಕು? "ಎಲ್ಲಿದ್ದರೂ ಒಂದೇ" ಎಂದು ಮನೆ ಮಾರುವವರನ್ನು ನಾನು ಪೂರ್ತಿ ಬೈಯಲಾರೆ. ನೋಡಿಕೊಳ್ಳುವವರಿಲ್ಲದೆ ಇಲ್ಲಿ ಒಂಟಿಯಾಗಿ ಸವೆಯುತ್ತಿರುವವರೂ ನನ್ನ ಗಿರಾಕಿಗಳೇ. ನಮ್ಮ ಸಂಘಟನೆಗಳು ಬೋರ್ಡಿನ ಅಕ್ಷರಕ್ಕೆ ಹೋರಾಡಿದಷ್ಟೇ ಬಿರುಸಾಗಿ ಬ್ಯಾಂಕು, ಆಸ್ಪತ್ರೆ, ವಿಮಾ ಕಚೇರಿಯ ಕೌಂಟರುಗಳ ಮುಂದೆ ಕೂರಬೇಕು. ಅಲ್ಲಿ ಒದ್ದಾಡುತ್ತಿರುವವರು ನಮ್ಮ ತಂದೆ ತಾಯಿಗಳು.

ಹೋಗಲೇಬೇಕೆಂದರೆ ಪ್ರವಾಸಿ ವೀಸಾದ ಮೇಲೆ ಹೋಗಿ ಬನ್ನಿ. ಒಂದು ಸಲಕ್ಕೆ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಬಿಡುತ್ತಾರೆ. ಪ್ರವಾಸಿಗರ ವಿಮೆ ಮಾಡಿಸಿಕೊಂಡು, ಇಲ್ಲಿಯ ವಿಮೆಯನ್ನೂ ಕಟ್ಟುತ್ತಾ, ಮೊಮ್ಮಕ್ಕಳನ್ನು ಕಣ್ತುಂಬ ನೋಡಿ ಬನ್ನಿ. ಮನೆ ಮಾತ್ರ ಮಾರಬೇಡಿ. ಬಾಡಿಗೆಗೆ ಕೊಡಿ, ಬೀಗ ಹಾಕಿ ಕೀ ತಂಗಿಯ ಕೈಗೆ ಕೊಡಿ, ಏನಾದರೂ ಮಾಡಿ. ಮೇಷ್ಟ್ರ ಮನೆ ಕೊಂಡವರು ಅದನ್ನು ಕೆಡವಿ ಮೂರು ಅಂತಸ್ತು ಎಬ್ಬಿಸಿದ್ದಾರೆ. ಹಿತ್ತಲಿನ ಸಂಪಿಗೆ ಮರವೂ ಹೋಯಿತು. ಮೇಷ್ಟ್ರು ಆ ಕಡೆಯಿಂದ ಬರದೆ ಸುತ್ತು ಹಾಕಿಕೊಂಡು ಪ್ರೆಸ್ಸಿಗೆ ಬರುತ್ತಾರೆ.

ಈ ಲೇಖನದ ಕರಡನ್ನೂ ಅವರೇ ತಿದ್ದಿದರು. ಹನ್ನೊಂದು ತಪ್ಪು ಹುಡುಕಿ, "ಹತ್ತನೇ ಕ್ಲಾಸಿನಲ್ಲೂ ನೀನು ಹೀಗೇ ಬರೀತಿದ್ದೆ" ಎಂದು ಬೈದರು. ತಮ್ಮ ವಿಚಾರ ತೆಗೆದುಹಾಕು ಎನ್ನಲಿಲ್ಲ, ಹೆಸರು ಹಾಕಬೇಡ ಎಂದರಷ್ಟೇ. ಮುಂದಿನ ತಿಂಗಳು ಹದಿನೈದರೊಳಗೆ ಹೊರಡಬೇಕಂತೆ, ಟಿಕೆಟ್ ಬಂದಿದೆ.