ಪರದೇಶದ ಊಟದ ಮೇಜಿನಲ್ಲಿ ಏನನ್ನು ಕುಡಿಯಬೇಕು?

ಏಪ್ರಿಲ್, ಮೇ ತಿಂಗಳುಗಳು ಬಂದವೆಂದರೆ ನಮ್ಮ ಚಿಕಿತ್ಸಾಲಯಕ್ಕೆ ಯುರೋಪ್ ಪ್ರವಾಸಕ್ಕೆ ಹೊರಟವರ ಭೇಟಿ ಹೆಚ್ಚುತ್ತದೆ. ಮಕ್ಕಳು ಜರ್ಮನಿಯಲ್ಲಿಯೋ ಇಂಗ್ಲೆಂಡಿನಲ್ಲಿಯೋ ನೆಲೆಸಿರುತ್ತಾರೆ. ಅವರನ್ನು ನೋಡಿದಂತೆಯೂ ಆಯಿತು, ಲಂಡನ್ನಿನ ಥೇಮ್ಸ್ ದಂಡೆಯಲ್ಲಿರುವ ಬಸವಣ್ಣನವರ ಪ್ರತಿಮೆಯ ದರ್ಶನ ಪಡೆದಂತೆಯೂ ಆಯಿತು ಎಂದು ಹಿರಿಯರು ಹೊರಡುತ್ತಾರೆ. ಅವರೆಲ್ಲರ ಪ್ರಶ್ನೆ ಒಂದೇ: "ಡಾಕ್ಟರೇ, ಅಲ್ಲಿ ಊಟಕ್ಕೆ ಏನು ಮಾಡುವುದು?" ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಹಚ್ಚಿದ ಅವಲಕ್ಕಿಗಳು ಅಷ್ಟರಲ್ಲಾಗಲೇ ಚೀಲ ಸೇರಿರುತ್ತವೆ. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಅಲ್ಲಿ ಕುಡಿಯುವುದೇನು ಎಂದು ಕೇಳಿದವರು ತೀರ ವಿರಳ. ಹಿಂತಿರುಗಿದವರು ನಮ್ಮ ಮುಂದೆ ಇಡುವ ತೊಂದರೆಗಳಲ್ಲಿ ಹೆಚ್ಚಿನವು ತಿಂದುದರಿಂದ ಬಂದವಲ್ಲ. ಕುಡಿಯದೆ ಉಳಿದುದರಿಂದ, ಇಲ್ಲವೇ ಸಲ್ಲದ್ದನ್ನು ಕುಡಿದುದರಿಂದ ಬಂದವು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮೊದಲು ಕುಡಿಯದೆ ಉಳಿಯುವ ಮಾತು. ಬಸ್ಸಿನಲ್ಲಿ ದಿನಕ್ಕೆ ಐದಾರು ಗಂಟೆಗಳ ಪಯಣ. ಜರ್ಮನಿಯ ಹೆದ್ದಾರಿಯ ತಂಗುದಾಣಗಳಲ್ಲಿ ಶೌಚಾಲಯಕ್ಕೆ ಒಂದು ಯೂರೋ ತೆರಬೇಕಾದ ಕಡೆಗಳು ಅನೇಕ. ಅದನ್ನು ರೂಪಾಯಿಗೆ ಪರಿವರ್ತಿಸಿ ಲೆಕ್ಕಹಾಕಿದೊಡನೆಯೇ ನಮ್ಮ ತಾಯಂದಿರು ನೀರಿನ ಬಾಟಲಿಯನ್ನು ಚೀಲದೊಳಗೆ ಇಟ್ಟುಬಿಡುತ್ತಾರೆ. ಹೋಟೆಲಿನಲ್ಲಿ ಕುಳಿತಾಗಲೂ ಅದೇ ಕಥೆ: ಒಂದು ಬಾಟಲಿ ನೀರಿಗೆ ಇಷ್ಟು ಬೆಲೆಯೇ ಎಂದು ಬೆರಗಾಗಿ, ಕೋಣೆಗೆ ಹೋದ ಮೇಲೆ ಕುಡಿದರಾಯಿತು ಎಂದು ಸುಮ್ಮನಾಗುತ್ತಾರೆ. ಹತ್ತು ದಿನಗಳ ಬಳಿಕ ಉರಿಮೂತ್ರ, ಮಲಬದ್ಧತೆ, ಮೀನಖಂಡದ ಸೆಳೆತ, ಎದ್ದು ನಿಂತರೆ ತಲೆಸುತ್ತು. ರಕ್ತದೊತ್ತಡಕ್ಕಾಗಿ ಮೂತ್ರವನ್ನು ಹೆಚ್ಚಿಸುವ ಗುಳಿಗೆಯನ್ನು ಸೇವಿಸುವವರಲ್ಲಿ ಇದು ಇನ್ನೂ ಬೇಗ ಕಾಣಿಸಿಕೊಳ್ಳುತ್ತದೆ. ತಡೆಯಬಾರದ ಹದಿಮೂರು ವೇಗಗಳನ್ನು ಹೇಳುವ ಚರಕಾಚಾರ್ಯರು ಮೂತ್ರವೇಗವನ್ನೇ ಮೊದಲಿಗೆ ಇರಿಸಿದ್ದಾರೆ. ವೇಗ ಬಾರದಿರಲೆಂದು ನೀರನ್ನೇ ತ್ಯಜಿಸುವುದು ತಡೆಯುವುದಕ್ಕಿಂತ ಒಂದು ಹೆಜ್ಜೆ ಮುಂದಿನ ಅಪಥ್ಯವೆಂದು ನಾವು ಹೇಳುತ್ತೇವೆ. ಲಕ್ಷಾಂತರ ರೂಪಾಯಿ ವೆಚ್ಚಮಾಡಿ ಹೋದವರು ಆ ಒಂದು ಯೂರೋವನ್ನು ಉಳಿಸುವ ಅಗತ್ಯವಾದರೂ ಏನು? ಹೃದಯದ ಅಥವಾ ಮೂತ್ರಪಿಂಡದ ಕಾಯಿಲೆಯಿಂದಾಗಿ ನೀರಿನ ಪ್ರಮಾಣವನ್ನು ಮಿತಗೊಳಿಸಲು ವೈದ್ಯರು ಹೇಳಿದ್ದರೆ ಆ ಮಾತು ಬೇರೆ.

ನೀರು ಎಲ್ಲೆಡೆ ದುಬಾರಿಯೆಂಬುದೂ ಪೂರ್ಣಸತ್ಯವಲ್ಲ. ಫ್ರಾನ್ಸಿನ ಹೋಟೆಲುಗಳಲ್ಲಿ ‘ಕರಾಫ್ ದೋ’ ಎಂದು ಕೇಳಿದರೆ ಹೂಜಿಯಲ್ಲಿ ನಲ್ಲಿನೀರನ್ನು ಉಚಿತವಾಗಿ ತಂದಿಡಬೇಕೆಂಬುದು ಅಲ್ಲಿಯ ಕಾನೂನು. ಇಂಗ್ಲೆಂಡಿನಲ್ಲಿ ಮದ್ಯ ಮಾರಲು ಪರವಾನಗಿ ಪಡೆದ ಪ್ರತಿಯೊಂದು ಸ್ಥಳವೂ ಗ್ರಾಹಕರು ಕೇಳಿದರೆ ಕುಡಿಯುವ ನೀರನ್ನು ಬೆಲೆಯಿಲ್ಲದೆ ಕೊಡಬೇಕು. 2010ರಿಂದ ಈ ನಿಯಮ ಜಾರಿಯಲ್ಲಿದೆ. ರೋಮ್ ನಗರದ ಬೀದಿಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸಣ್ಣ ಕಾರಂಜಿ-ನಲ್ಲಿಗಳಿವೆ; ಅವುಗಳ ಬಾಗಿದ ಕೊಳವೆ ಮೂಗಿನಂತೆ ಕಾಣುವುದರಿಂದ ಜನರು ಅವನ್ನು ‘ನಸೋನಿ’, ಅಂದರೆ ದೊಡ್ಡ ಮೂಗುಗಳು, ಎಂದು ಕರೆಯುತ್ತಾರೆ. ಜ್ಯೂರಿಕ್ ನಗರದಲ್ಲಿ 1,200ಕ್ಕೂ ಮಿಕ್ಕಿ ಕಾರಂಜಿಗಳಿದ್ದು, ಬಹುತೇಕ ಎಲ್ಲವುಗಳ ನೀರೂ ಕುಡಿಯಲು ಯೋಗ್ಯ. ವಿಯೆನ್ನಾದ ಕಾಫಿಗೃಹಗಳಲ್ಲಿ ಕಾಫಿಯ ಜೊತೆಗೆ ಒಂದು ಲೋಟ ನೀರನ್ನು ತಾವಾಗಿಯೇ ಇಡುತ್ತಾರೆ. ಆ ಊರಿಗೆ 1873ರಿಂದಲೂ ಆಲ್ಪ್ಸ್ ಪರ್ವತದ ಊಟೆಗಳಿಂದ ನೀರು ಹರಿದು ಬರುತ್ತಿದೆ. ಇಂತಹ ನೀರನ್ನು ಬಿಟ್ಟು ಬಾಯಾರಿ ಕುಳಿತುಕೊಳ್ಳುವುದು ವಿಚಿತ್ರವಲ್ಲವೇ! ಜರ್ಮನಿಯಲ್ಲಿ ಮಾತ್ರ ಎಚ್ಚರವಿರಲಿ: ಬರಿದೆ ‘ನೀರು’ ಎಂದರೆ ಸಾಮಾನ್ಯವಾಗಿ ಅನಿಲ ತುಂಬಿದ ನೀರನ್ನು ತರುತ್ತಾರೆ, ಅದಕ್ಕೆ ಹಣವನ್ನೂ ಪಡೆಯುತ್ತಾರೆ. ಆಮ್ಲಪಿತ್ತ, ಹೊಟ್ಟೆಯುಬ್ಬರ ಇರುವವರು ‘ಶ್ಟಿಲ್’ ಎಂದು ಸ್ಪಷ್ಟವಾಗಿ ಹೇಳಬೇಕು.

ಇನ್ನು ಎರಡನೆಯ ಮಾತು. ಸುತ್ತಲಿನ ಮೇಜುಗಳಲ್ಲಿ ಬಿಯರು, ದ್ರಾಕ್ಷಾಮದ್ಯಗಳ ಲೋಟಗಳು ಮಿನುಗುತ್ತಿರುವಾಗ ನಮ್ಮವರು ಏನೋ ಅಪರಾಧ ಮಾಡಿದವರಂತೆ ಮುದುಡಿ ಕುಳಿತು, ಬಡಿಸುವವನು ಬಂದೊಡನೆ "ಕೋಲಾ" ಎಂದುಬಿಡುತ್ತಾರೆ. ಮದ್ಯವನ್ನು ಮುಟ್ಟದವನು ಸಂಕೋಚಪಡಬೇಕಾದ ಕಾರಣವೇ ಇಲ್ಲ. ಜರ್ಮನಿಯ ಕಾನೂನಂತೂ ಅವನ ಪರವಾಗಿಯೇ ಇದೆ. ಮದ್ಯವನ್ನು ಬಡಿಸುವ ಉಪಾಹಾರಗೃಹವು ಮದ್ಯರಹಿತ ಪಾನೀಯಗಳನ್ನೂ ಇಟ್ಟಿರಬೇಕು; ಅವುಗಳಲ್ಲಿ ಕನಿಷ್ಠ ಒಂದರ ಬೆಲೆಯಾದರೂ ಅಲ್ಲಿಯ ಅತ್ಯಂತ ಅಗ್ಗದ ಮದ್ಯಕ್ಕಿಂತ ಹೆಚ್ಚಿರಬಾರದು. ಜನರು ಇದನ್ನು ‘ಸೇಬಿನ ರಸದ ಕಲಮು’ ಎಂದು ಸಲಿಗೆಯಿಂದ ಕರೆಯುತ್ತಾರೆ. ಆದರೆ ಕೋಲಾ ನಮ್ಮವರಿಗೆ ಸರಿಯಾದ ಉತ್ತರವಲ್ಲ. 330 ಮಿ.ಲೀ. ಡಬ್ಬಿಯೊಂದರಲ್ಲಿ ಸುಮಾರು 35 ಗ್ರಾಂ ಸಕ್ಕರೆ, ಅಂದರೆ ಎಂಟೊಂಬತ್ತು ಚಹಾ ಚಮಚದಷ್ಟು ಇರುತ್ತದೆ. ಮಧುಮೇಹಿಯು ಮನೆಯಲ್ಲಿ ಸಕ್ಕರೆಯಿಲ್ಲದ ಚಹಾ ಕುಡಿದು, ಪ್ರವಾಸದಲ್ಲಿ ದಿನಕ್ಕೆ ಎರಡು ಡಬ್ಬಿ ಕೋಲಾ ಬರಿದುಮಾಡಿದರೆ ಯಾವ ಔಷಧಿ ತಾನೇ ಕಾಪಾಡೀತು?

ಆಯಾ ದೇಶದ ಜನರೇ ಕುಡಿಯುವ, ಮದ್ಯವಲ್ಲದ ಪಾನೀಯಗಳನ್ನು ಹೆಸರು ಹಿಡಿದು ಕೇಳಬೇಕೆಂಬುದು ನಮ್ಮ ಸಲಹೆ. ಆಹಾರವನ್ನು ವಿಚಾರಿಸುವಾಗ ದೇಶ, ಕಾಲ, ಪ್ರಮಾಣ, ಉಣ್ಣುವವನ ಅಭ್ಯಾಸ ಇವೆಲ್ಲವನ್ನೂ ನೋಡಬೇಕೆಂದು ಚರಕಸಂಹಿತೆಯ ವಿಮಾನಸ್ಥಾನ ವಿಧಿಸುತ್ತದೆ. ದೇಶವೆಂಬುದು ಆ ಪಟ್ಟಿಯಲ್ಲಿ ಸುಮ್ಮನೆ ಸೇರಿದ ಪದವಲ್ಲ. ಜರ್ಮನರ ‘ಆಪ್ಫೆಲ್ ಶೋರ್ಲೆ’ ಸೇಬಿನ ರಸಕ್ಕೆ ಅನಿಲನೀರು ಬೆರೆಸಿದ ಪಾನೀಯ. ಬರಿಯ ರಸಕ್ಕಿಂತ ಹಗುರ. ಆದರೂ ಸಿಹಿ ಸಿಹಿಯೇ. ಅರ್ಧ ಲೀಟರಿನ ಲೋಟವನ್ನು ತಂದಿಡುವ ರೂಢಿ ಅಲ್ಲಿದೆ. ಆದ್ದರಿಂದ ಚಿಕ್ಕ ಲೋಟವನ್ನೇ ಕೇಳಿ, ಇಬ್ಬರು ಹಂಚಿಕೊಳ್ಳುವುದು ಲೇಸು. ಸ್ವಿಟ್ಜರ್ಲೆಂಡಿನಲ್ಲಿ 1952ರಿಂದ ಮಾರಾಟವಾಗುತ್ತಿರುವ ‘ರಿವೆಲ್ಲಾ’ ಹಾಲಿನ ತಿಳಿನೀರಿನಿಂದ ತಯಾರಾಗುತ್ತದೆ. ನಮ್ಮ ಶಾಸ್ತ್ರದಲ್ಲಿ ಮೊಸರಿನ ತಿಳಿಯನ್ನು ‘ಮಸ್ತು’ ಎಂದು ಕರೆದು ಲಘುವೆಂದು ಹೊಗಳಿದ್ದಾರೆ. ಸ್ವಿಸ್ ಜನರ ಈ ಪಾನೀಯ ಅದರ ದೂರದ ನೆಂಟನೆನ್ನಬಹುದು. ಇದರಲ್ಲಿಯೂ ಸಕ್ಕರೆಯುಂಟು, ನೀಲಿ ಬಣ್ಣದ ಪಟ್ಟಿಯ ಬಾಟಲಿಯಲ್ಲಿ ಕಡಿಮೆ.

ಆದರೆ ಎಲ್ಲಕ್ಕಿಂತ ನಮ್ಮ ಮೆಚ್ಚುಗೆ ‘ಐರಾನ್’ ಎಂಬುದಕ್ಕೆ. ಜರ್ಮನಿಯ ಯಾವ ಪಟ್ಟಣದಲ್ಲಿಯೂ ತುರ್ಕರ ತಿನಿಸಿನಂಗಡಿಗಳಿಗೆ ಬರವಿಲ್ಲ. ಅಲ್ಲಿ ಮಾಂಸದ ಅಡುಗೆಯೇ ಮುಖ್ಯವೆಂಬುದು ನಿಜ. ಆದರೆ ಮುಚ್ಚಿದ ಲೋಟದಲ್ಲಿ ಸಿಗುವ ಐರಾನ್ ಎಂದರೆ ಮೊಸರು, ನೀರು, ಉಪ್ಪು, ಇಷ್ಟೇ. ಅಂದರೆ ನಮ್ಮ ಮಜ್ಜಿಗೆಯೇ! ಒಗ್ಗರಣೆಯ ಇಂಗು, ಕರಿಬೇವು ಇಲ್ಲವೆಂಬುದೊಂದೇ ಕೊರತೆ. ಗ್ರಹಣಿ, ಮೂಲವ್ಯಾಧಿಗಳಲ್ಲಿ ತಕ್ರವನ್ನು ಆಚಾರ್ಯರು ಎಷ್ಟು ಎತ್ತರದಲ್ಲಿ ಇರಿಸಿದ್ದಾರೆಂಬುದು ಈ ಪುಟಗಳ ಓದುಗರಿಗೆ ಹೊಸತಲ್ಲ. ಬ್ರೆಡ್ಡು, ಚೀಸುಗಳಿಂದ ಬಿಗಿದುಕೊಂಡ ಹೊಟ್ಟೆಗೆ ಮಧ್ಯಾಹ್ನದ ಒಂದು ಲೋಟ ಐರಾನ್ ಮಾಡುವ ಉಪಕಾರವನ್ನು ಯಾವ ಚೂರ್ಣವೂ ಅಷ್ಟು ಸುಲಭವಾಗಿ ಮಾಡಲಾರದು. ರಕ್ತದೊತ್ತಡದವರು ಉಪ್ಪಿನ ಪ್ರಮಾಣವನ್ನು ನೆನಪಿನಲ್ಲಿಟ್ಟು ಅರ್ಧಕ್ಕೆ ಅಷ್ಟೇ ನೀರು ಬೆರೆಸಿಕೊಳ್ಳಬೇಕು.

ಹಾಗಾದರೆ ಮದ್ಯರಹಿತ ಬಿಯರ್ ಆಗಬಹುದೇ? ಪ್ರವಾಸಕ್ಕೆ ಹೋದ ತರುಣರು ತಂದೆತಾಯಿಯರಿಗೆ "ಇದರಲ್ಲಿ ಏನೂ ಇಲ್ಲ, ಕುಡಿಯಿರಿ" ಎಂದು ಕೊಡುವುದುಂಟು. ಜರ್ಮನಿಯಲ್ಲಿ ‘ಮದ್ಯರಹಿತ’ ಎಂದು ಬರೆದ ಬಿಯರಿನಲ್ಲಿ ಶೇಕಡಾ 0.5ರವರೆಗೆ ಮದ್ಯಾಂಶ ಇರಲು ಅವಕಾಶವಿದೆ, 0.0 ಎಂದು ನಮೂದಿಸಿದವು ಬೇರೆ. ಅಷ್ಟರಿಂದ ಅಮಲೇರದು, ನಿಜ. ಆದರೆ ಲಿಂಗದೀಕ್ಷೆ ಪಡೆದು ನಿಯಮ ಹಿಡಿದವರಿಗೆ ಅದರ ಪ್ರಮಾಣವನ್ನು ತಿಳಿಸದೆ ಕುಡಿಸುವುದು ವಂಚನೆಯೇ ಸರಿ. ನಮ್ಮನ್ನು ಹೆಚ್ಚು ಕಾಡುವ ಆತಂಕ ಮತ್ತೊಂದು. ಕುಡಿತದ ಚಟದಿಂದ ಕಷ್ಟಪಟ್ಟು ಹೊರಬಂದು, ಮಠದಲ್ಲಿ ಸಂಕಲ್ಪ ತೊಟ್ಟು, ಮನೆಗೆ ಮತ್ತೆ ಬೆಳಕಾದವರು ನಮ್ಮ ನಡುವೆ ಅನೇಕರಿದ್ದಾರೆ. ಅವರಿಗೆ ಆ ನೊರೆ, ಆ ಕಹಿ, ಆ ವಾಸನೆಗಳೇ ಸಾಕು, ಹಳೆಯ ದಾಹ ಕೆರಳಲು. ಅಂಥವರ ಕೈಗೆ ಈ ಲೋಟವನ್ನು ಯಾರೂ ಪ್ರೀತಿಯಿಂದಲೂ ಕೊಡಬಾರದು. ಕುಡಿತ ಬಿಡಿಸಲು ಡೈಸಲ್ಫಿರಾಂ ಗುಳಿಗೆಯನ್ನು ಸೇವಿಸುತ್ತಿರುವವರಿಗಂತೂ ಇದು ಕಟ್ಟುನಿಟ್ಟಾಗಿ ವರ್ಜ್ಯ.

ಹೆಸರುಗಳೂ ಮೋಸಮಾಡುತ್ತವೆ. ‘ಸೈಡರ್’ ಎಂದರೆ ಅಮೆರಿಕದಲ್ಲಿ ಬಹುಮಟ್ಟಿಗೆ ಸೇಬಿನ ರಸ. ಇಂಗ್ಲೆಂಡಿನಲ್ಲಿ ಅದು ಹುಳಿಬಂದ ಮದ್ಯ. ಜರ್ಮನಿಯ ‘ರಾಡ್ಲರ್’ ನಿಂಬೆ ಪಾನಕದಂತೆ ಕಂಡರೂ ಅದರ ಅರ್ಧಭಾಗ ಬಿಯರು. ಸ್ವಿಟ್ಜರ್ಲೆಂಡಿನ ಚೀಸ್ ಫಾಂಡ್ಯೂವನ್ನು ಸಸ್ಯಾಹಾರವೆಂದು ನಂಬಿ ತರಿಸಿಕೊಳ್ಳುವವರು ಬಹಳ. ಅದರ ರೂಢಿಯ ಪಾಕದಲ್ಲಿ ಬಿಳಿಯ ವೈನ್ ಮತ್ತು ಕಿರ್ಶ್ ಎಂಬ ಚೆರಿ ಹಣ್ಣಿನ ಮದ್ಯ ಎರಡೂ ಸೇರುತ್ತವೆ, ಕುದಿಸಿದ ಮಾತ್ರಕ್ಕೆ ಮದ್ಯಾಂಶ ಪೂರ್ತಿ ಆವಿಯಾಗುವುದಿಲ್ಲ. ಇಟಲಿಯ ತಿರಾಮಿಸು ಸಿಹಿಯ ಬಗೆಗೂ ಕೇಳಿಯೇ ಮುಂದುವರಿಯಬೇಕು. ಕೇಳುವುದರಲ್ಲಿ ನಾಚಿಕೆಯೇನು? ಅಲ್ಲಿಯ ಹೋಟೆಲಿನವರು ಇಂತಹ ಪ್ರಶ್ನೆಗಳಿಗೆ ಒಗ್ಗಿಹೋಗಿದ್ದಾರೆ.

ಕುಡಿಯುವ ಸಮಯವನ್ನು ಕುರಿತೂ ಒಂದು ಮಾತು ಉಳಿಯಿತು. ಊಟಕ್ಕೆ ಮೊದಲು ಕುಡಿದ ನೀರು ದೇಹವನ್ನು ಸೊರಗಿಸುತ್ತದೆ, ಕೊನೆಯಲ್ಲಿ ಕುಡಿದುದು ಸ್ಥೂಲಗೊಳಿಸುತ್ತದೆ, ನಡುವೆ ಕುಡಿದುದು ಸಮಸ್ಥಿತಿಯಲ್ಲಿ ಇಡುತ್ತದೆ ಎಂಬುದು ಅಷ್ಟಾಂಗಹೃದಯದ ಅಭಿಪ್ರಾಯ. ಮಂಜುಗಡ್ಡೆ ಹಾಕಿದ ಪಾನೀಯವನ್ನು ಮೊದಲಿಗೇ ಗಟಗಟನೆ ಕುಡಿದು, ಆಮೇಲೆ ಚೀಸು ತುಂಬಿದ ಊಟವನ್ನು ಮಾಡಿದರೆ ಜಠರಾಗ್ನಿಯ ಗತಿಯೇನು? ಮಂಜುಗಡ್ಡೆ ಬೇಡವೆಂದು ಹೇಳಿ, ಊಟದ ನಡುನಡುವೆ ಗುಟುಕರಿಸಬೇಕು. ಹೊರಗಿನ ದೊಡ್ಡ ಊಟವನ್ನು ಮಧ್ಯಾಹ್ನಕ್ಕೇ ಇಟ್ಟುಕೊಂಡರೆ ಅಗ್ನಿಗೂ ಹಿತ, ಹಣದ ಚೀಲಕ್ಕೂ ಹಿತ. ಅನೇಕ ಊರುಗಳಲ್ಲಿ ಮಧ್ಯಾಹ್ನದ ಊಟದ ದರ ರಾತ್ರಿಗಿಂತ ಕಡಿಮೆ.

ರಾತ್ರಿ ಕೋಣೆಯಲ್ಲಿ ಬಿಸಿನೀರಿನ ಕೆಟಲ್ ಇದ್ದರೆ ಕಷಾಯಕ್ಕೆ ಕೊರತೆಯಿಲ್ಲ. ಬಡೇಸೋಪು, ಸೋಂಪು, ಶಾಹಿಜೀರಿಗೆಗಳ ಮಿಶ್ರಣವಿರುವ ಚಹಾದ ಪೊಟ್ಟಣಗಳು ಜರ್ಮನಿಯ ಪ್ರತಿಯೊಂದು ಅಂಗಡಿಯಲ್ಲಿಯೂ ದೊರೆಯುತ್ತವೆ. ಅಲ್ಲಿಯ ಅಜ್ಜಿಯರೂ ಹೊಟ್ಟೆಯುಬ್ಬರಕ್ಕೆ ಅದನ್ನೇ ಕೊಡುತ್ತಾರೆ ಎಂಬುದು ನಮಗೆ ಸಂತೋಷ ತರುವ ಸಂಗತಿ. ಎರಡು ಎಚ್ಚರಿಕೆಗಳು ಮಾತ್ರ. ಬೆಳಗಿನ ಉಪಾಹಾರದಲ್ಲಿ ಸಾಲಾಗಿ ಇಟ್ಟ ರಸಗಳಲ್ಲಿ ‘ಗ್ರೇಪ್‌ಫ್ರೂಟ್’ ಎಂಬುದು ದ್ರಾಕ್ಷಿಯಲ್ಲ, ಚಕ್ಕೋತದ ಬಳಗದ ಹಣ್ಣು. ಕೊಲೆಸ್ಟರಾಲಿಗೆ ಕೊಡುವ ಸಿಮ್ವಾಸ್ಟಾಟಿನ್, ಅಟೋರ್ವಾಸ್ಟಾಟಿನ್, ರಕ್ತದೊತ್ತಡಕ್ಕೆ ಕೊಡುವ ನಿಫೆಡಿಪಿನ್ ಮೊದಲಾದ ಗುಳಿಗೆಗಳು ಅದರಿಂದ ರಕ್ತದಲ್ಲಿ ಅಧಿಕವಾಗಿ ಸಂಗ್ರಹಗೊಳ್ಳಬಲ್ಲವು. ಆದ್ದರಿಂದ ಹೊರಡುವ ಮುನ್ನವೇ ತಮ್ಮ ಗುಳಿಗೆಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಿ ಕೇಳಬೇಕು. ಎರಡನೆಯದು ಜ್ಯೇಷ್ಠಮಧು. ಗಿಡಮೂಲಿಕೆಯ ಚಹಾಗಳಿಗೆ ಸಿಹಿಗಾಗಿ ಅದನ್ನು ಧಾರಾಳವಾಗಿ ಸೇರಿಸುತ್ತಾರೆ. ನಿತ್ಯವೂ ಹೆಚ್ಚಾಗಿ ಕುಡಿದರೆ ರಕ್ತದೊತ್ತಡ ಏರುತ್ತದೆ. ಪೊಟ್ಟಣದ ಮೇಲೆ ‘ಲಿಕರೀಸ್’ ಅಥವಾ ಜರ್ಮನ್ ಭಾಷೆಯಲ್ಲಿ ‘ಝೂಸ್‌ಹೋಲ್ಟ್ಸ್’ ಎಂದಿದ್ದರೆ, ರಕ್ತದೊತ್ತಡದವರು ಅದನ್ನು ಬದಿಗಿಟ್ಟು ಬಡೇಸೋಪಿನ ಪೊಟ್ಟಣವನ್ನೇ ಆರಿಸಿಕೊಳ್ಳಲಿ.